16ಕೆ ಸ್ಪೆಕ್ಟ್ರಮ್ ಅನ್ನು 48ಕೆ ಮಾಡುವುದು: ಚಿಪ್ ಸುಡದ ದಾರಿ

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯ ಮನೆಗಳ ಅಟ್ಟದಲ್ಲಿ ಆಗಾಗ ಹಳೆಯ ಝಡ್‌ಎಕ್ಸ್ ಸ್ಪೆಕ್ಟ್ರಮ್ ಸಿಗುವುದುಂಟು. ಸಿಂಕ್ಲೇರ್ 1982ರಲ್ಲಿ ತಂದ, ರಬ್ಬರ್ ಕೀಲಿಯ ಪುಟ್ಟ ಕಂಪ್ಯೂಟರ್. ಅದು 16ಕೆ, ಅಂದರೆ 16 ಕಿಲೋಬೈಟ್ ಮೆಮೊರಿಯ ಮಾದರಿಯಾದರೆ ಬೇಸಿಕ್ ಭಾಷೆಯಲ್ಲಿ ಪ್ರೋಗ್ರಾಂ ಬರೆಯಲು ಉಳಿಯುವುದು ಸುಮಾರು 9ಕೆ ಮಾತ್ರ. ಮೆಮೊರಿ ಹೆಚ್ಚಿಸುವುದು ಕಷ್ಟವೇನಲ್ಲ. ಆದರೆ ಎರಡೇ ಎರಡು ಜಾಗದಲ್ಲಿ ಎಡವಿ ಒಳ್ಳೆಯ ಬೋರ್ಡ್ ಸುಟ್ಟುಕೊಂಡವರನ್ನು ತುಂಬಾ ನೋಡಿದ್ದೇನೆ.

ಮೊದಲು ಲೆಕ್ಕ. ಇದರ ಝಡ್80 ಪ್ರೊಸೆಸರ್‌ಗೆ 16 ಅಡ್ರೆಸ್ ಲೈನ್. ಅಂದರೆ 65,536 ಜಾಗಗಳನ್ನು ಅದು ಗುರುತಿಸಬಲ್ಲದು. ಮೊದಲ 16ಕೆ ಬರೆದು ಅಳಿಸಬಲ್ಲ ರಾಮ್‌ಗೆ ಅಲ್ಲ, ಬೇಸಿಕ್ ಇರುವ, ಓದಲು ಮಾತ್ರ ಬರುವ ರೋಮ್‌ಗೆ. ನಂತರದ 16ಕೆ ಮೂಲ ಮೆಮೊರಿ. ಪರದೆಯ ಚಿತ್ರವೂ ಇದರಲ್ಲೇ ಇರುತ್ತದೆ. 32768ರಿಂದ ಮೇಲಿನ 32ಕೆ ಪೂರ್ತಿ ಖಾಲಿ. ನಾವು ತುಂಬುವುದು ಅದನ್ನೇ. ಕೆಳಗಿನ ಮೆಮೊರಿಗಾಗಿ ಪ್ರೊಸೆಸರ್ ಪರದೆಯ ಚಿಪ್ ಜೊತೆ ಸರದಿ ಕಾಯಬೇಕು. ಮೇಲಿನದಕ್ಕೆ ಕಾಯಬೇಕಿಲ್ಲ, ಹಾಗಾಗಿ ಅಲ್ಲಿ ಪ್ರೋಗ್ರಾಂ ವೇಗವಾಗಿಯೂ ಓಡುತ್ತದೆ.

ಹಿಂಬದಿಗೆ ಸಿಕ್ಕಿಸುವ ಮೆಮೊರಿ ಪ್ಯಾಕ್ ಬೇಡವೇ ಬೇಡ. ಸ್ವಲ್ಪ ಅಲುಗಿದರೂ ಮಷೀನ್ ನಿಂತುಹೋಗುತ್ತದೆ. ಕರೆಂಟ್ ಇರುವಾಗ ಕಿತ್ತರೆ ಚಿಪ್ ಹೋಗುತ್ತದೆ. ನಮ್ಮ ಮಳೆಗಾಲದ ತೇವಕ್ಕೆ ಆ ಕನೆಕ್ಟರ್ ಬೇಗ ಕಪ್ಪಾಗುತ್ತದೆ. ಒಳಗೇ ಕೂರಿಸಿ.

ಅಡಿಯ ಸ್ಕ್ರೂ ಬಿಚ್ಚಿ, ಕೀಬೋರ್ಡಿನ ಎರಡು ಪಟ್ಟಿಗಳನ್ನು ನೇರ ಮೇಲಕ್ಕೆ ಎಳೆಯಿರಿ. ಅವು ಒಣಗಿ ಪೆಡಸಾಗಿರುತ್ತವೆ, ಮಡಚಬೇಡಿ. ಬೂಷ್ಟು ಹಿಡಿದಿದ್ದರೆ ಐಸೊಪ್ರೊಪೈಲ್ ಆಲ್ಕೊಹಾಲ್ ಮತ್ತು ಮೆತ್ತಗಿನ ಬ್ರಷ್ ಸಾಕು. ತುಕ್ಕು ಬಿಡಿಸುವ ಎಣ್ಣೆ ಸ್ಪ್ರೇ ಹೊಡೆಯಬೇಡಿ, ಸಾಕೆಟ್ ಒಳಗೆ ಜಿಡ್ಡು ಕೂರುತ್ತದೆ.

ಇಶ್ಯೂ 2 ಮತ್ತು 3 ಎಂಬ ಆವೃತ್ತಿಯ ಬೋರ್ಡ್‌ಗಳಲ್ಲಿ ಹನ್ನೆರಡು ಜಾಗ ಖಾಲಿ ಇರುತ್ತದೆ. ಎಂಟು ಮೆಮೊರಿ ಚಿಪ್‌ಗೆ, ನಾಲ್ಕು ಲಾಜಿಕ್ ಚಿಪ್‌ಗೆ: ಒಂದು 74ಎಲ್‌ಎಸ್32, ಒಂದು 74ಎಲ್‌ಎಸ್00, ಎರಡು 74ಎಲ್‌ಎಸ್157. ಮೆಮೊರಿ ಚಿಪ್ ಅಡ್ರೆಸ್ಸನ್ನು ಒಮ್ಮೆಗೇ ಕೇಳುವುದಿಲ್ಲ. ಮೊದಲು ಸಾಲು (ರೋ), ಆಮೇಲೆ ಕಂಬ (ಕಾಲಮ್). ಹಾಗೆ ಎರಡು ಕಂತಿನಲ್ಲಿ ಕಳಿಸುವ ಕೆಲಸ 74ಎಲ್‌ಎಸ್157ಗಳದ್ದು.

ಈಗ ಜನ ಎಡವುವ ಜಾಗ. ಕೆಳಗಿನ 16ಕೆ ಇರುವುದು 4116 ಚಿಪ್‌ಗಳಲ್ಲಿ. ಅವಕ್ಕೆ 5, 12 ಮತ್ತು ಮೈನಸ್ 5 ವೋಲ್ಟ್ ಬೇಕು. ಮೇಲಿನ 32ಕೆಯ ಹೊಸ ಚಿಪ್‌ಗಳಿಗೆ 5 ವೋಲ್ಟ್ ಮಾತ್ರ. ಎರಡಕ್ಕೂ ಹದಿನಾರೇ ಕಾಲು, ನೋಡಲು ಒಂದೇ ಥರ. ಹೊಸ ಚಿಪ್ಪನ್ನು ತಪ್ಪಿ 4116ಗಳ ಸಾಲಿಗೆ ಹಾಕಿದರೆ ಎಂಟನೇ ಕಾಲಿಗೆ 12 ವೋಲ್ಟ್ ಬಡಿಯುತ್ತದೆ. ಕಥೆ ಮುಗಿಯಿತು. ಚಿಪ್ ಹಾಕುವ ಮೊದಲೇ ಖಾಲಿ ಸಾಕೆಟ್‌ನ ಎಂಟನೇ ಕಾಲನ್ನು ಮಲ್ಟಿಮೀಟರ್‌ನಲ್ಲಿ ನೋಡಿ. 5 ವೋಲ್ಟ್ ಬಂದರೆ ಮಾತ್ರ ಮುಂದೆ. ಆಮೇಲೆ ಕರೆಂಟ್ ತೆಗೆದು, ಚಿಪ್‌ನ ಕಚ್ಚು ಬೋರ್ಡಿನ ಗುರುತಿಗೆ ಹೊಂದುವಂತೆ ಕೂರಿಸಿ.

ಸಿಂಕ್ಲೇರ್ ಇಲ್ಲಿ ಬಳಸಿದ್ದು 4532 ಚಿಪ್. ಅದು 64 ಕಿಲೋಬಿಟ್ ಚಿಪ್ಪೇ, ಆದರೆ ಅರ್ಧ ಕೆಟ್ಟದ್ದು, ಅದಕ್ಕೇ ಅಗ್ಗ. ಯಾವ ಅರ್ಧ ಚೆನ್ನಾಗಿದೆ ಎಂಬುದನ್ನು ಹೇಳುವುದು ಬೋರ್ಡಿನ ಪುಟ್ಟ ತಂತಿ ಲಿಂಕ್. ಹಾಗಾಗಿ ಎಂಟೂ ಒಂದೇ ಜಾತಿಯದ್ದಾಗಿರಬೇಕು. ನನ್ನ ಮಾತು ಕೇಳಿ, 4532 ಹುಡುಕಬೇಡಿ. ಪೂರ್ತಿ ಚೆನ್ನಾಗಿರುವ 4164 ಹಾಕಿ. ಆಗ ಲಿಂಕ್ ಯಾವ ಕಡೆ ಇದ್ದರೂ ನಡೆಯುತ್ತದೆ. ಹಾಗಂತ ಲಿಂಕ್ ಹಾಕದೇ ಬಿಡಬೇಡಿ. ಒಂದು ಅಡ್ರೆಸ್ ಬಿಟ್ ಅಂತರದಲ್ಲಿ ತೂಗಾಡಿ ಒಮ್ಮೆ ಸರಿ, ಒಮ್ಮೆ ತಪ್ಪು ತೋರಿಸುತ್ತದೆ. ಬೆಂಗಳೂರಿನ ಎಸ್‌ಪಿ ರೋಡಲ್ಲಿ ಅಥವಾ ಆನ್‌ಲೈನಲ್ಲಿ ಕೊಳ್ಳುವಾಗ ಚಿಪ್ ಬೆನ್ನನ್ನು ಉಗುರಿನಿಂದ ಕೆರೆದು ನೋಡಿ. ಹಳೆ ಬರಹ ಉಜ್ಜಿ ಹೊಸ ಹೆಸರು ಅಚ್ಚು ಹಾಕಿದ ಮಾಲು ಜಾಸ್ತಿ.

ಎರಡನೇ ಗಂಡಾಂತರ ಅಡಾಪ್ಟರ್. ಸ್ಪೆಕ್ಟ್ರಮ್‌ಗೆ 9 ವೋಲ್ಟ್, ಪ್ಲಗ್‌ನ ನಡುವೆ ಮೈನಸ್. ಅಂಗಡಿಯ ಸಾಮಾನ್ಯ ಅಡಾಪ್ಟರ್‌ಗಳಲ್ಲಿ ನಡುವೆ ಪ್ಲಸ್ ಇರುತ್ತದೆ. ಅಳೆಯದೇ ಚುಚ್ಚಬೇಡಿ.

ಆನ್ ಮಾಡಿದ ಮೇಲೆ ಈ ಸಾಲು ಹಾಕಿ: ಪ್ರಿಂಟ್ ಪೀಕ್ 23732 + 256 * ಪೀಕ್ 23733. ಪೀಕ್ ಎಂದರೆ ಆ ಜಾಗದಲ್ಲಿರುವ ಸಂಖ್ಯೆ ಓದುವುದು, ಪೋಕ್ ಎಂದರೆ ಅಲ್ಲಿಗೆ ಬರೆಯುವುದು. ಉತ್ತರ 32767 ಬಂದರೆ ಹೊಸ ಮೆಮೊರಿ ಕಂಡೇ ಇಲ್ಲ. 65535 ಬಂದರೆ ಖುಷಿ, ಆದರೆ ಅಷ್ಟಕ್ಕೇ ನಿಲ್ಲಿಸಬೇಡಿ. ರೋಮ್ ಮಾಡುವ ತಪಾಸಣೆ ಮೇಲ್ಮೇಲಿನದು, ಕೆಲವು ಬಿಟ್‌ಗಳ ದೋಷ ಅದಕ್ಕೆ ಸಿಗುವುದಿಲ್ಲ. ಮೊದಲು ಕ್ಲಿಯರ್ 32767 ಕೊಡಿ, ಆಗ ಬೇಸಿಕ್ ಅದರ ಮೇಲಿನ ಜಾಗಕ್ಕೆ ಬರುವುದಿಲ್ಲ. ಆಮೇಲೆ ಫಾರ್ ಲೂಪ್‌ನಲ್ಲಿ 32768ರಿಂದ 65535ರವರೆಗೆ 85 ಪೋಕ್ ಮಾಡಿ, ಎಲ್ಲ ತುಂಬಿದ ಮೇಲೆ ಇನ್ನೊಂದು ಲೂಪ್‌ನಲ್ಲಿ ಪೀಕ್ ಮಾಡಿ ಹೋಲಿಸಿ. 170 ಹಾಕಿ ಮತ್ತೊಮ್ಮೆ. ಇವೆರಡರಲ್ಲಿ ಬಿಟ್‌ಗಳು ಅದಲುಬದಲು, ಆದ್ದರಿಂದ ಎಂಟೂ ಪರೀಕ್ಷೆಯಾಗುತ್ತವೆ. ನಿಧಾನ, ಕಾಫಿ ಕುಡಿದು ಬನ್ನಿ.

ತಪ್ಪು ಬಂದರೆ ವ್ಯತ್ಯಾಸ ನೋಡಿ. ಒಂದೊಂದು ಚಿಪ್‌ಗೆ ಒಂದೊಂದು ಬಿಟ್. ಸದಾ 4ರಷ್ಟೇ ವ್ಯತ್ಯಾಸವಾದರೆ ಕೆಟ್ಟದ್ದು ಒಂದೇ ಚಿಪ್, ಇಲ್ಲವೇ ಅದರ ಸಾಕೆಟ್. ಕರೆಂಟ್ ತೆಗೆದು ಪಕ್ಕದ್ದರ ಜೊತೆ ಅದನ್ನು ಬದಲಾಯಿಸಿ. ತಪ್ಪೂ ಜಾಗ ಬದಲಿಸಿದರೆ ಚಿಪ್ ಎಸೆಯಿರಿ, ಅಲ್ಲೇ ಉಳಿದರೆ ಸಾಕೆಟ್‌ನ ಬೆಸುಗೆ ಮತ್ತೆ ಹಾಕಿ.