ಎರಡು ಹಳೇ ಫ್ರಿಜ್, ನಲವತ್ತು ಬಸವನಹುಳು

"ಫ್ರಿಜ್‌ನಲ್ಲಿ ಸಮುದ್ರ ಸಾಕ್ತೀಯಾ?" ಅಂತ ನಕ್ಕವರೇ ಈಗ ನನ್ನ ಲೆಕ್ಕದ ಹಾಳೆ ಕೇಳುತ್ತಿದ್ದಾರೆ. ಅದಕ್ಕೇ ಬರೆದು ಹಾಕುತ್ತಿದ್ದೇನೆ.

ತಣ್ಣನೆ ಕರಾವಳಿಯ ನೀರು ಬಿಸಿಯಾದರೆ ಪೆರಿವಿಂಕಲ್ ಎಂಬ ಸಮುದ್ರ ಬಸವನಹುಳುವಿನ ಒಳಗಿನ ಪರೋಪಜೀವಿ ಹುಳು ಕ್ರಿಪ್ಟೊಕೋಟೈಲ್ ಜಾಸ್ತಿ ಸರ್ಕೇರಿಯಾ (ಮೀನಿಗೆ ಅಂಟಲು ಈಜಿ ಹೊರಡುವ ಅದರ ಬಾಲದ ಮರಿಗಳು) ಬಿಡುತ್ತದಾ? ಬಿಟ್ಟದ್ದು ಮೀನು ಸಿಗುವವರೆಗೆ ಬದುಕಿರುತ್ತದಾ? ಎಲ್ಲರೂ ಮೊದಲನೇ ಪ್ರಶ್ನೆಗೇ ನಿಲ್ಲುತ್ತಾರೆ. ಬಸವನನ್ನು ಬಿಸಿ ನೀರಿಗೆ ಹಾಕು, ಮರುದಿನ ಎಣಿಸು, ಗ್ರಾಫ್ ಮೇಲೆ ಹೋಯ್ತು, ಮುಗೀತು. ನಾನೂ ಹಾಗೇ ಶುರು ಮಾಡಿದ್ದು.

ಮೊದಲ ವರ್ಷ ಪೂರ್ತಿ ನಷ್ಟ. ನೀರು ತಣ್ಣಗಿಡುವ ಸರಿಯಾದ ಚಿಲ್ಲರ್ ತಂದರೆ ವರ್ಷದ ದುಡ್ಡಿನಲ್ಲಿ ಮುಕ್ಕಾಲು ಪಾಲು ಅದಕ್ಕೇ ಹೋಗುತ್ತಿತ್ತು. ಅದರ ಇಪ್ಪತ್ತರಲ್ಲಿ ಒಂದು ಭಾಗಕ್ಕೆ ಎರಡು ಹಳೇ ಫ್ರಿಜ್ ಸಿಕ್ಕಿದವು. ಒಳಗೆ ನೀರಿನ ತೊಟ್ಟಿ, ತೊಟ್ಟಿಯಲ್ಲಿ ಜಾಡಿಗಳು, ಒಂದು ಅಕ್ವೇರಿಯಂ ಹೀಟರ್. ಭಾರಿ ಉಳಿಸಿದೆ ಅಂತ ಬೀಗಿದೆ. ಒಂದು ರಾತ್ರಿ ಥರ್ಮೋಸ್ಟಾಟ್ ಅಂಟಿಕೊಂಡಿತು. ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲೇ ವಾಸನೆ ಸುದ್ದಿ ಹೇಳಿತು. ಮೂರು ತಿಂಗಳು ಇಳಿತದ ಹೊತ್ತು ಕಾದು, ಸೊಂಟ ಬಗ್ಗಿಸಿ ಆರಿಸಿದವೆಲ್ಲ ಪಾದ ಹೊರಗೆ ಚೆಲ್ಲಿ ಬಿದ್ದಿದ್ದವು. ಈಗ ಪ್ರತಿ ಹೀಟರಿಗೂ ಎರಡನೇ ಕಟಾಫ್ ಇದೆ. ಅದರ ಬೆಲೆ ನೆನೆಸಿಕೊಂಡರೆ ಇವತ್ತಿಗೂ ನಾಚಿಕೆ.

ಸೋಂಕಿದ್ದವನ್ನು ಆರಿಸುವಾಗ ಪಾದದ ಕಿತ್ತಳೆ ಬಣ್ಣ ನಂಬಬೇಡಿ. ಮೂರರಲ್ಲಿ ಒಂದು ನನಗೆ ಟೋಪಿ ಹಾಕಿತು. ರಾತ್ರಿಯಿಡೀ ದೀಪದ ಕೆಳಗೆ ಒಂದೊಂದನ್ನೇ ಗಾಜಿನ ಲೋಟದಲ್ಲಿಡಿ, ಬೆಳಿಗ್ಗೆ ನೀರಿನಲ್ಲಿ ಸರ್ಕೇರಿಯಾ ಇದೆಯಾ ಅಂತ ಬೆಳಕಿಗೆ ಹಿಡಿದು ನೋಡಿ, ಅಷ್ಟೇ. ಇನ್ನು ಅವು ನೀರು ಬಿಟ್ಟು ಜಾಡಿಯ ಗೋಡೆ ಹತ್ತಿ ಕೂರುವ ಕಾಟ ಎಲ್ಲರಿಗೂ ಗೊತ್ತು. ನನ್ನವು ಹತ್ತುವುದಿಲ್ಲ. ಹೇಗೆ ಅಂತ ಮಾತ್ರ ಕೇಳಬೇಡಿ.

ಎರಡನೇ ವರ್ಷ ಕೈ ಹಿಡಿದದ್ದು ನಿಧಾನ. ಮೊದಲು ಒಂದೇ ದಿನಕ್ಕೆ ನಾಲ್ಕೈದು ಡಿಗ್ರಿ ಏರಿಸುತ್ತಿದ್ದೆ. ಎರಡು ದಿನ ಸರ್ಕೇರಿಯಾ ಸುರಿಮಳೆ, ಆಮೇಲೆ ಢಮಾರ್. ಒಳಗೆ ಸಿದ್ಧವಾಗಿದ್ದದ್ದು ಖಾಲಿಯಾಗಿತ್ತು ಅಷ್ಟೇ, ನಾನು ಅದನ್ನೇ ಹವಾಮಾನ ಬದಲಾವಣೆ ಅಂದುಕೊಂಡಿದ್ದೆ! ಈಗ ವಾರಕ್ಕೆ ಒಂದು ಡಿಗ್ರಿ. "ಇದು ಮುಗಿಯೋ ಹೊತ್ತಿಗೆ ನೀನು ನಿವೃತ್ತಿಯಾಗಿರ್ತೀಯ" ಅಂದರು ಒಬ್ಬರು. ಬ್ರಿಟಿಷ್ ಪರೋಪಜೀವಿ ತಜ್ಞೆ ಮಿರಿಯಂ ರಾತ್‌ಚೈಲ್ಡ್ 1940ರಲ್ಲಿ ವರದಿ ಮಾಡಿದ ಪೆರಿವಿಂಕಲ್ 5 ವರ್ಷ ಸರ್ಕೇರಿಯಾ ಬಿಡುತ್ತಲೇ ಇತ್ತು. ನನಗೇನು ಅವಸರ?

ಸರ್ಕೇರಿಯಾ ಕೊಂದು ಎಣಿಸುವುದಕ್ಕೆ ಅಯೋಡಿನ್ ಎಲ್ಲರೂ ಹಾಕುತ್ತಾರೆ. ನಾನು ಅರ್ಧ ನೀರಿಗೆ ಮಾತ್ರ ಹಾಕಿದೆ. ಇನ್ನರ್ಧವನ್ನು ಎರಡು ಗಂಟೆಗೊಮ್ಮೆ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾ ಕೂತೆ. ಎರಡು ಕಪ್ಪು ಕಣ್ಣುಚುಕ್ಕೆ. ಬಾಲ ಬಡಿದು ಮೇಲೇರುತ್ತದೆ, ಸುಮ್ನೆ ನಿಲ್ಲುತ್ತದೆ, ಕೆಳಗಿಳಿಯುತ್ತದೆ, ಮತ್ತೆ ಬಡಿಯುತ್ತದೆ. ಏನೂ ತಿನ್ನುವುದಿಲ್ಲ, ಹೊತ್ತು ತಂದ ಬುತ್ತಿ, ಅಂದರೆ ಗ್ಲೈಕೋಜನ್, ಮುಗಿದರೆ ಕಥೆ ಮುಗೀತು. 10 ಡಿಗ್ರಿಯಲ್ಲಿ ಮರುದಿನವೂ ಮುಕ್ಕಾಲು ಪಾಲು ಓಡಾಡುತ್ತಿದ್ದವು. 22ರಲ್ಲಿ ಸಂಜೆಯ ಹೊತ್ತಿಗೇ ತಳದಲ್ಲಿ ಬಿದ್ದು ಬಾಲ ಮಾತ್ರ ಅಲ್ಲಾಡಿಸುತ್ತಿದ್ದವು. ಹೊರಬಿದ್ದ ಸಂಖ್ಯೆಗೆ ಬದುಕಿದ ಗಂಟೆ ಗುಣಿಸಿದಾಗ ಅತಿ ಹೆಚ್ಚು ಬಂದದ್ದು 15-16ರ ಆಸುಪಾಸು, 22ರಲ್ಲಿ ಅಲ್ಲ. ಅಲ್ಲಿ ಬಸವಗಳೂ ಬೇಗ ಸತ್ತವು.

ಹಾಗಾದರೆ ಬಿಸಿ ಜಾಸ್ತಿಯಾದರೆ ಪರೋಪಜೀವಿ ಕಡಿಮೆ, ಒಳ್ಳೆಯದೇ ಅಲ್ವಾ ಅಂತ ಕೇಳುವವರು ಬಂದೇ ಬರುತ್ತಾರೆ. 1990ರ ವಸಂತದಲ್ಲಿ ಡೆನ್ಮಾರ್ಕಿನ ವಾಡನ್ ಸಮುದ್ರದ ಕೆಸರಿನಲ್ಲಿ ಕೋರೋಫಿಯಮ್ ಎಂಬ ಸಿಗಡಿಯಂಥ ಪುಟ್ಟ ಜೀವಿ ಕೆಲವೇ ವಾರಗಳಲ್ಲಿ ನಿರ್ನಾಮವಾಯಿತು. ಬಿಸಿಗೆ ಸಣ್ಣ ಕೆಸರು ಬಸವಗಳಿಂದ ಹೊರಬಿದ್ದ, ಮೈಕ್ರೋಫ್ಯಾಲಿಡ್ ಗುಂಪಿನ ಪರೋಪಜೀವಿ ಹುಳುವಿನ ಕೆಲಸ ಇರಬೇಕು ಅಂತಾರೆ. ಆ ಹುಳುವಿನ ಲೆಕ್ಕ ಬೇರೆ, ನನ್ನದರ ಲೆಕ್ಕ ಬೇರೆ.

ನಡುವೆ ಸುಮ್ನೆ ಒಂದು ಜಾಡಿಗೆ ನೀರು ಸೋಸಿ ತಿನ್ನುವ ಚಿಪ್ಪುಜೀವಿ ಮಸೆಲ್ ಎರಡನ್ನು ಹಾಕಿ ನೋಡಿದೆ. ಬೆಳಿಗ್ಗೆ ಸರ್ಕೇರಿಯಾ ಹತ್ತಕ್ಕೆ ಒಂದೂ ಉಳಿದಿರಲಿಲ್ಲ, ಸೋಸಿ ತೆಗೆದುಬಿಟ್ಟಿದ್ದವು. ಬಿಸಿ ನೀರಿನಲ್ಲಿ ಮಸೆಲ್ ಇನ್ನೂ ಜೋರಾಗಿ ಸೋಸುತ್ತದಾ? ಈ ವಾರ ಎರಡನೇ ಫ್ರಿಜ್ ಖಾಲಿ ಮಾಡಿ ಅದನ್ನೇ ಹೂಡುತ್ತಿದ್ದೇನೆ. ಕಂಪ್ರೆಸರ್ ಮಾತ್ರ ಯಾಕೋ ಗುರ್ ಅನ್ನುತ್ತಿದೆ.