ಆರಿಸಿದರೂ ಮತ್ತೆ ಹೊತ್ತಿಕೊಳ್ಳುವ ಚೆಕ್ ಎಂಜಿನ್ ಲೈಟ್: ಮೂಲ ಹುಡುಕುವುದು ಹೇಗೆ?

ಹಳೆಯ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ಆಕಾರದ ಹಳದಿ ದೀಪ ಹೊತ್ತಿಕೊಳ್ಳುತ್ತದೆ. ಗ್ಯಾರೇಜಿನಲ್ಲಿ ಸ್ಕ್ಯಾನರ್ ಹಾಕಿ, ಕೋಡ್ ನೋಡಿ, ಒಂದು ಸೆನ್ಸರ್ ಬದಲಾಯಿಸುತ್ತಾರೆ. ದೀಪ ಆರುತ್ತದೆ. ಕೆಲವು ದಿನ ಎಲ್ಲ ಸರಿ, ಆಮೇಲೆ ಮತ್ತೆ ಅದೇ ದೀಪ. ಈ ಸಲ ಇನ್ನೊಂದು ಸೆನ್ಸರ್. ಬಿಡಿಭಾಗಗಳು ಒಂದೊಂದಾಗಿ ಬದಲಾಗುತ್ತವೆ, ದೋಷ ಮಾತ್ರ ಇದ್ದಲ್ಲೇ ಇರುತ್ತದೆ.

ಹೀಗಾಗುವುದು ಹೆಚ್ಚಾಗಿ ಕೋಡನ್ನು ತಪ್ಪಾಗಿ ಓದುವುದರಿಂದ. ಎಂಜಿನ್ ಕಂಪ್ಯೂಟರಿಗೆ ಏನು ಕಾಣಿಸಿತು ಅನ್ನುವುದನ್ನಷ್ಟೇ ಕೋಡ್ ಹೇಳುತ್ತದೆ. ಯಾವ ಭಾಗ ಕೆಟ್ಟಿದೆ ಅಂತ ಹೇಳುವುದಿಲ್ಲ. ‘ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ’ ಎಂದು ಆಕ್ಸಿಜನ್ ಸೆನ್ಸರ್ ದೂರು ಕೊಟ್ಟಾಗ ಆ ಸೆನ್ಸರನ್ನೇ ಬದಲಾಯಿಸುವುದು, ಜ್ವರ ತೋರಿಸಿದ ಥರ್ಮಾಮೀಟರನ್ನು ಬದಲಾಯಿಸಿದ ಹಾಗೆ. ದೀಪ ಮರಳಿ ಬರುತ್ತಿದೆ ಎಂದರೆ ಮೊದಲು ಕೇಳಬೇಕಾದ ಪ್ರಶ್ನೆ, ಅದು ಯಾವಾಗ ಬರುತ್ತದೆ ಅನ್ನುವುದು.

ಮಿನುಗುತ್ತಿದೆಯಾ, ಸ್ಥಿರವಾಗಿದೆಯಾ?

ದೀಪ ಮಿನುಗುತ್ತಿದ್ದರೆ ಪರೀಕ್ಷೆ ಆಮೇಲೆ, ಮೊದಲು ಗಾಡಿ ನಿಲ್ಲಿಸಿ. ಎಂಜಿನ್ ಜೋರಾಗಿ ಮಿಸ್ ಹೊಡೆಯುತ್ತಿದೆ ಎಂದು ಅರ್ಥ. ಸಿಲಿಂಡರಿನಲ್ಲಿ ಉರಿಯದ ಪೆಟ್ರೋಲ್ ಸೈಲೆನ್ಸರ್ ಕಡೆ ಹೋಗಿ, ಹೊಗೆಯ ವಿಷವನ್ನು ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿನೊಳಗೆ ಉರಿಯುತ್ತದೆ. ಆ ಬಿಸಿಗೆ ಅದರ ಒಳಗಿನ ಜೇನುಗೂಡಿನಂಥ ಭಾಗ ಕರಗಿಯೇ ಹೋಗಬಹುದು. ದೀಪ ಸ್ಥಿರವಾಗಿದ್ದು, ಟೆಂಪರೇಚರ್ ಮತ್ತು ಆಯಿಲ್ ಪ್ರೆಷರ್ ಸರಿಯಿದ್ದು, ಎಂಜಿನ್ ಓಟದಲ್ಲಿ ವ್ಯತ್ಯಾಸ ಇಲ್ಲದಿದ್ದರೆ ನಿಧಾನವಾಗಿ ಓಡಿಸಬಹುದು.

ಅಳಿಸುವ ಮೊದಲು ಬರೆದುಕೊಳ್ಳಿ

ಗಾಡಿ ತನ್ನ ದೋಷವನ್ನು ತಾನೇ ಪತ್ತೆಹಚ್ಚಿ ಕೋಡ್ ಆಗಿ ದಾಖಲಿಸುವ ಒಬಿಡಿ-2 ವ್ಯವಸ್ಥೆ ಅಮೆರಿಕದಲ್ಲಿ 1996ರ ಮಾದರಿಯ ಕಾರುಗಳಿಂದ ಕಡ್ಡಾಯವಾಯಿತು. ಯುರೋಪಿನಲ್ಲಿ ಅದಕ್ಕೆ ಸಮನಾದ ವ್ಯವಸ್ಥೆ ಪೆಟ್ರೋಲ್ ಕಾರುಗಳಿಗೆ 2001ರಿಂದ ಬಂತು. ಈ ವ್ಯವಸ್ಥೆ ಇರುವ ಗಾಡಿಯಲ್ಲಿ ಸಾಮಾನ್ಯವಾಗಿ ಸ್ಟಿಯರಿಂಗ್ ಕೆಳಗೆ 16 ಪಿನ್ನಿನ ಸಾಕೆಟ್ ಇರುತ್ತದೆ. ಫೋನಿಗೆ ಜೋಡಿಸುವ ಸಣ್ಣ ಬ್ಲೂಟೂತ್ ಸ್ಕ್ಯಾನರ್ ಸಾಕು. ಆದರೆ ಅದು ಕೋಡ್ ಜೊತೆಗೆ ಲೈವ್ ಡೇಟಾ (ಆ ಕ್ಷಣದ ಸೆನ್ಸರ್ ಅಂಕಿಗಳು) ಮತ್ತು ಫ್ರೀಜ್ ಫ್ರೇಮ್ ಎರಡನ್ನೂ ತೋರಿಸಬೇಕು. ಒಬಿಡಿ-2ಕ್ಕಿಂತ ಹಳೆಯ ಗಾಡಿಗಳಲ್ಲಿ ಒಂದೊಂದು ಕಂಪನಿಯದು ಒಂದೊಂದು ವಿಧಾನ, ಅದನ್ನು ಸರ್ವಿಸ್ ಮ್ಯಾನ್ಯುಯಲ್‌ನಲ್ಲೇ ನೋಡಬೇಕು.

ದೀಪ ಹೊತ್ತಿಕೊಳ್ಳಲು ಕಾರಣವಾದ ದೋಷ ದಾಖಲಾದ ಕ್ಷಣದಲ್ಲಿ ಎಂಜಿನ್ ಹೇಗೆ ಓಡುತ್ತಿತ್ತು ಅನ್ನುವುದರ ಚಿತ್ರವೇ ಫ್ರೀಜ್ ಫ್ರೇಮ್. ಆರ್‌ಪಿಎಂ, ವೇಗ, ಕೂಲಂಟ್ ಬಿಸಿ, ಲೋಡ್, ಫ್ಯೂಯಲ್ ಟ್ರಿಮ್ ಎಲ್ಲವೂ ಅದರಲ್ಲಿರುತ್ತದೆ. ಕೋಡ್ ಅಳಿಸಿದರೆ ಇದೂ ಅಳಿಸಿಹೋಗುತ್ತದೆ. ಎಷ್ಟೋ ಕಡೆ ಸ್ಕ್ಯಾನರ್ ಹಾಕಿದ ತಕ್ಷಣ ‘ಕ್ಲಿಯರ್’ ಒತ್ತಿಬಿಡುತ್ತಾರೆ. ದೊಡ್ಡ ಸುಳಿವು ಅಲ್ಲೇ ಕಳೆದುಹೋಗುತ್ತದೆ.

ಬಹಳಷ್ಟು ದೋಷಗಳು ಸತತ ಎರಡು ಓಡಾಟಗಳಲ್ಲಿ ಕಂಡರೆ ಮಾತ್ರ ದೀಪ ಹೊತ್ತಿಕೊಳ್ಳುತ್ತದೆ. ಒಂದೇ ಸಲ ಕಂಡದ್ದು ‘ಪೆಂಡಿಂಗ್’ ಪಟ್ಟಿಯಲ್ಲಿ ಕೂರುತ್ತದೆ. ಸತತ ಮೂರು ಓಡಾಟಗಳಲ್ಲಿ ಪರೀಕ್ಷೆ ನಡೆದು ದೋಷ ಕಾಣದಿದ್ದರೆ ದೀಪ ತಾನಾಗಿ ಆರುತ್ತದೆ. ಕೋಡ್ ಮಾತ್ರ ಸಾಮಾನ್ಯವಾಗಿ ಎಂಜಿನ್ 40 ಸಲ ತಣ್ಣಗಿನಿಂದ ಬಿಸಿಯಾಗುವವರೆಗೂ ಒಳಗೆ ಉಳಿದಿರುತ್ತದೆ. ಹಾಗಾಗಿ ‘ಅದೇ ಸರಿಹೋಯಿತು’ ಅಂತ ಸುಮ್ನೆ ಇರಬೇಡಿ. ದೀಪ ಆರಿದ ಮೇಲೂ ಸ್ಕ್ಯಾನ್ ಮಾಡಿ.

ಜೊತೆಗೆ ಒಂದು ಪುಸ್ತಕದಲ್ಲಿ ದೀಪ ಬಂದ ಸಂದರ್ಭ ಬರೆದಿಡಿ. ಪೆಟ್ರೋಲ್ ಹಾಕಿಸಿದ ಮೇಲೆ ಬಂತಾ? ಮಳೆಯಲ್ಲಾ? ಬೆಳಗ್ಗೆ ತಣ್ಣಗಿದ್ದಾಗಲಾ? ಏರು ಹತ್ತುವಾಗಲಾ? ಪೆಟ್ರೋಲ್ ಹಾಕಿಸಿದ ಮೇಲೆ ಬರುವ ಪಿ0455, ಪಿ0442ರಂಥ, ಪೆಟ್ರೋಲ್ ಆವಿ ಸೋರುತ್ತಿದೆ ಅನ್ನುವ ಕೋಡುಗಳಿಗೆ ಟ್ಯಾಂಕಿನ ಮುಚ್ಚಳ ಮತ್ತು ಅದರ ರಬ್ಬರ್ ರಿಂಗ್ ಮೊದಲ ಅನುಮಾನ. ಮಳೆಯಲ್ಲಿ ಮಾತ್ರ ಮಿಸ್ ಹೊಡೆದರೆ ಪ್ಲಗ್ಗಿನ ಕಿಡಿಗೆ ವೋಲ್ಟೇಜ್ ಕೊಡುವ ಕಾಯಿಲ್ ಅಥವಾ ಪ್ಲಗ್ ವೈರಿನ ಬಿರುಕು ಹುಡುಕಿ.

ಬ್ಯಾಟರಿ, ಅರ್ಥ್, ಕನೆಕ್ಟರ್

ಹಳೆಯ ಗಾಡಿಯಲ್ಲಿ ಸೆನ್ಸರಿಗಿಂತ ಮೊದಲು ಇವನ್ನು ನೋಡಬೇಕು. ರಾತ್ರಿಯಿಡೀ ನಿಂತ, ಪೂರ್ತಿ ಚಾರ್ಜ್ ಇರುವ ಬ್ಯಾಟರಿಯಲ್ಲಿ ಸುಮಾರು 12.6 ವೋಲ್ಟ್, ಎಂಜಿನ್ ಓಡುವಾಗ ಸಾಮಾನ್ಯವಾಗಿ 13.5ರಿಂದ 14.5 ವೋಲ್ಟ್ ಇರಬೇಕು. ಆಮೇಲೆ ಮಲ್ಟಿಮೀಟರಿನ ಒಂದು ತುದಿಯನ್ನು ಬ್ಯಾಟರಿಯ ನೆಗೆಟಿವ್‌ಗೆ, ಇನ್ನೊಂದನ್ನು ಎಂಜಿನ್ ಬ್ಲಾಕಿನ ಲೋಹಕ್ಕೆ ಹಿಡಿದು ಸ್ಟಾರ್ಟರ್ ಹೊಡೆಸಿ. ಅರ್ಧ ವೋಲ್ಟ್ ದಾಟಿದರೆ ಕರೆಂಟ್ ಬ್ಯಾಟರಿಯ ನೆಗೆಟಿವ್‌ಗೆ ಮರಳುವ ಅರ್ಥ್ ದಾರಿಯಲ್ಲಿ ತುಕ್ಕೋ ಸಡಿಲವೋ ಇದೆ. ಅರ್ಥ್ ಕೆಟ್ಟರೆ ಸರಿಯಿರುವ ಸೆನ್ಸರ್ ಕೂಡ ಸುಳ್ಳು ಲೆಕ್ಕ ಕೊಡುತ್ತದೆ.

ಕೋಡ್ ತೋರಿಸಿದ ಸೆನ್ಸರಿನ ಕನೆಕ್ಟರ್ ಬಿಚ್ಚಿ ನೋಡಿ. ಹಸಿರು ಪುಡಿ, ಇಳಿದ ಆಯಿಲ್, ಒಳಗೆ ಸರಿದ ಪಿನ್ ಇದೆಯೇ? ಎಂಜಿನ್ ಓಡುತ್ತಿರುವಾಗ ಲೈವ್ ಡೇಟಾ ತೆರೆದಿಟ್ಟು ವೈರನ್ನು ಮೆಲ್ಲಗೆ ಅಲುಗಾಡಿಸಿ. ಫ್ಯಾನ್, ಬೆಲ್ಟಿನಿಂದ ಕೈ ದೂರವಿರಲಿ. ಅಲುಗಾಡಿಸಿದಾಗ ಅಂಕಿ ಥಟ್ಟನೆ ಜಿಗಿದರೆ ದೋಷ ವೈರಿನಲ್ಲೇ ಇದೆ.

ಪಿ0171: ಟ್ರಿಮ್ ಓದುವುದನ್ನು ಕಲಿಯಿರಿ

ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆಯಾಗಿದೆ ಅನ್ನುವ ಕೋಡ್ ಇದು. ಹಳೆಯ ಗಾಡಿಯಲ್ಲಿ ಮತ್ತೆ ಮತ್ತೆ ಬರುವುದರಲ್ಲಿ ಇದೂ ಒಂದು. ಸ್ವಲ್ಪ ಸಮಯ ಕೊಟ್ಟರೆ ಇದನ್ನು ನೀವೇ ಅರ್ಧಕ್ಕಿಂತ ಜಾಸ್ತಿ ಬಿಡಿಸಬಹುದು.

ಕಂಪ್ಯೂಟರ್ ಲೆಕ್ಕಕ್ಕಿಂತ ಎಷ್ಟು ಪೆಟ್ರೋಲ್ ಸೇರಿಸುತ್ತಿದೆ ಅಥವಾ ಕಳೆಯುತ್ತಿದೆ ಅನ್ನುವುದೇ ಫ್ಯೂಯಲ್ ಟ್ರಿಮ್. ಶಾರ್ಟ್ ಟರ್ಮ್ (ಆ ಕ್ಷಣದ್ದು), ಲಾಂಗ್ ಟರ್ಮ್ (ದೀರ್ಘಕಾಲ ಕಲಿತದ್ದು) ಎರಡನ್ನೂ ಕೂಡಿಸಿ ನೋಡಿ. ಸೊನ್ನೆಯ ಆಚೀಚೆ 10 ಪರ್ಸೆಂಟ್ ಒಳಗಿದ್ದರೆ ಹೆಚ್ಚಿನ ಗಾಡಿಗಳಲ್ಲಿ ಪರವಾಗಿಲ್ಲ. ಎಂಜಿನ್ ಪೂರ್ತಿ ಬಿಸಿಯಾದ ಮೇಲೆ ಐಡ್ಲಿಂಗಿನಲ್ಲಿ ಒಂದು ಸಲ, 2500 ಆರ್‌ಪಿಎಂನಲ್ಲಿ ಹಿಡಿದು ಇನ್ನೊಂದು ಸಲ ಬರೆದುಕೊಳ್ಳಿ.

ಐಡ್ಲಿಂಗಿನಲ್ಲಿ +20ರ ಹತ್ತಿರ ಇದ್ದದ್ದು 2500ಕ್ಕೆ ಹೋದಾಗ +5ಕ್ಕೆ ಇಳಿಯಿತು ಅನ್ನಿ. ಅಂದರೆ ಎಲ್ಲೋ ಲೆಕ್ಕಕ್ಕೆ ಸಿಗದ ಗಾಳಿ ಒಳಗೆ ಹೋಗುತ್ತಿದೆ. ಐಡ್ಲಿಂಗಿನಲ್ಲಿ ಎಂಜಿನ್ ಎಳೆಯುವ ಗಾಳಿಯೇ ಕಡಿಮೆ, ಹಾಗಾಗಿ ಸಣ್ಣ ಸೋರಿಕೆಯ ಪಾಲೂ ದೊಡ್ಡದು. ಆರ್‌ಪಿಎಂ ಏರಿದರೆ ಆ ಪಾಲು ಚಿಕ್ಕದಾಗುತ್ತದೆ. ಇಂಥ ಕಡೆ ವ್ಯಾಕ್ಯೂಮ್ ಪೈಪು, ಪಿಸಿವಿ ಹೋಸ್ (ಎಂಜಿನ್ ಒಳಗಿನ ಆವಿಯನ್ನು ಮರಳಿ ಎಳೆಯುವ ಪೈಪು), ಇನ್‌ಟೇಕ್ ಗ್ಯಾಸ್ಕೆಟ್ ನೋಡಿ. ಮೇಲಿಂದ ಕಣ್ಣಾಡಿಸಿದರೆ ಸಾಲದು. ರಬ್ಬರ್ ಹೋಸ್ ಬಾಗಿದ ಜಾಗದ ಅಡಿಭಾಗದಲ್ಲೇ ಬಿರುಕು ಬಿಡುವುದು ಹೆಚ್ಚು, ಕೈಬೆರಳು ಹಾಯಿಸಿ ತಡವಿ ನೋಡಬೇಕು. ಬಿಸಿ ಎಂಜಿನ್ ಮೇಲೆ ಕ್ಲೀನರ್ ಸ್ಪ್ರೇ ಹೊಡೆದು ಸೋರಿಕೆ ಹುಡುಕುವ ಅಭ್ಯಾಸ ಬೇಡ, ಬೆಂಕಿ ಹೊತ್ತಬಹುದು. ಗ್ಯಾರೇಜಿನಲ್ಲಿ ಹೊಗೆ ತುಂಬಿ ಸೋರಿಕೆ ಹುಡುಕುವ ಸ್ಮೋಕ್ ಟೆಸ್ಟ್ ಕೇಳಿ.

ಇದಕ್ಕೆ ತಿರುಗಾಮುರುಗಾ ಆಗಿ, ಐಡ್ಲಿಂಗಿನಲ್ಲಿ ಸರಿಯಿದ್ದು ಲೋಡ್ ಬಿದ್ದಾಗ ಟ್ರಿಮ್ ಏರಿದರೆ ಪೆಟ್ರೋಲ್ ಸಾಲುತ್ತಿಲ್ಲ ಎಂದು ಅನುಮಾನಿಸಿ. ಫಿಲ್ಟರ್, ಪಂಪ್ ಪ್ರೆಷರ್ ನೋಡಿಸಿ. ಒಳಹೋಗುವ ಗಾಳಿಯನ್ನು ಅಳೆಯುವ ಏರ್‌ಫ್ಲೋ ಸೆನ್ಸರ್ ಕೊಳೆ ಹಿಡಿದರೂ ಹೀಗೇ ಮಾಡುತ್ತದೆ. ಅದಕ್ಕೆಂದೇ ಇರುವ ಕ್ಲೀನರಿನಿಂದ ತೊಳೆದು ಒಣಗಿಸಿ ಮತ್ತೆ ಅಳೆಯಿರಿ, ಹೊಸದನ್ನು ತರುವುದು ಆಮೇಲೆ.

ಮಿಸ್‌ಫೈರ್ ಮತ್ತು ಕನ್ವರ್ಟರ್

ಪಿ0302 ಅಂದರೆ ಎರಡನೇ ಸಿಲಿಂಡರ್ ಮಿಸ್ ಹೊಡೆಯುತ್ತಿದೆ. ಪ್ರತಿ ಸಿಲಿಂಡರಿಗೂ ಬೇರೆ ಕಾಯಿಲ್ ಇದ್ದರೆ, ಎಂಜಿನ್ ಆಫ್ ಮಾಡಿ ಎರಡರ ಕಾಯಿಲನ್ನು ಮೂರಕ್ಕೆ, ಮೂರರದ್ದನ್ನು ಎರಡಕ್ಕೆ ಹಾಕಿ. ಕೋಡ್ ಅಳಿಸಿ ಓಡಿಸಿ. ಈಗ ಪಿ0303 ಬಂದರೆ ಕಾಯಿಲ್ ಕೆಟ್ಟಿದೆ. ಪಿ0302 ಅಲ್ಲೇ ನಿಂತರೆ ಪ್ಲಗ್ ಅದಲುಬದಲು ಮಾಡಿ ನೋಡಿ. ಆಗಲೂ ಕದಲದಿದ್ದರೆ ಇಂಜೆಕ್ಟರ್, ಕಂಪ್ರೆಷನ್ ಪರೀಕ್ಷೆಗೆ ಮೆಕ್ಯಾನಿಕ್ ಬೇಕು.

ಕನ್ವರ್ಟರ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಅನ್ನುವ ಪಿ0420 ಕಂಡಾಕ್ಷಣ ಅದನ್ನು ಬದಲಾಯಿಸುವುದು ನನ್ನ ಪ್ರಕಾರ ದೊಡ್ಡ ದುಡುಕು. ಆಕ್ಸಿಜನ್ ಸೆನ್ಸರಿನ ಹತ್ತಿರ ಎಕ್ಸಾಸ್ಟ್ ಪೈಪ್ ಸೋರುತ್ತಿದ್ದರೂ ಈ ಕೋಡ್ ಬರಬಹುದು. ಎಂಜಿನ್ ಬಿಸಿಯಾಗಿ ಒಂದೇ ವೇಗದಲ್ಲಿ ಓಡುವಾಗ ಕನ್ವರ್ಟರ್ ಹಿಂದಿನ ಸೆನ್ಸರಿನ ವೋಲ್ಟೇಜ್ ಹೆಚ್ಚು ಕಡಿಮೆ ಸ್ಥಿರವಾಗಿರಬೇಕು. ಸೋರಿಕೆ ಇಲ್ಲದೆಯೂ ಅದು 0.1ರಿಂದ 0.9ರ ನಡುವೆ ಬೇಗ ಬೇಗ ಏರಿಳಿಯುತ್ತಿದ್ದರೆ ಕನ್ವರ್ಟರ್ ಮೇಲೆ ಅನುಮಾನ ಪಡಬಹುದು. ಆಗಲೂ ಅದು ಯಾಕೆ ಕೆಟ್ಟಿತು ಅಂತ ತಿಳಿಯಬೇಕು. ಮಿಸ್‌ಫೈರ್ ಇದ್ದರೆ ಅಥವಾ ಎಂಜಿನ್ ಆಯಿಲ್ ಸುಡುತ್ತಿದ್ದರೆ ಹೊಸ ಕನ್ವರ್ಟರಿಗೂ ಅದೇ ಗತಿ.

ರಿಪೇರಿ ನಿಜಕ್ಕೂ ಆಯಿತಾ?

ಒಂದು ಸಲಕ್ಕೆ ಒಂದೇ ಭಾಗ ಸರಿಮಾಡಿ. ಮೂರು ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಸರಿಹೋಯಿತು ಅಂತ ಗೊತ್ತಾಗುವುದಿಲ್ಲ. ಕೋಡ್ ಅಳಿಸಿದರೆ ಕಂಪ್ಯೂಟರಿನ ಒಳ ಪರೀಕ್ಷೆಗಳೂ ಹೆಚ್ಚಿನಂಶ ಮೊದಲಿಂದ ಶುರುವಾಗುತ್ತವೆ. ಸ್ಕ್ಯಾನರಿನಲ್ಲಿ ‘ರೆಡಿನೆಸ್’ ಅಂತ ಕಾಣುವುದು ಇವೇ. ಬ್ಯಾಟರಿ ಕಳಚಿದರೂ ಹಲವು ಗಾಡಿಗಳಲ್ಲಿ ಹೀಗೇ ಆಗುತ್ತದೆ. ತಣ್ಣಗಿನ ಸ್ಟಾರ್ಟ್, ಸ್ವಲ್ಪ ಐಡ್ಲಿಂಗ್, ಊರೊಳಗಿನ ಓಡಾಟ, ಹೆದ್ದಾರಿಯಲ್ಲಿ ಒಂದೇ ವೇಗದ ಓಟ, ಇವೆಲ್ಲ ಸೇರಿ ಕೆಲವು ದಿನ ಓಡಿಸಿ. ಸಂಬಂಧಪಟ್ಟ ಪರೀಕ್ಷೆ ಮುಗಿದು ಪೆಂಡಿಂಗ್ ಪಟ್ಟಿ ಖಾಲಿ ಇದ್ದರೆ ರಿಪೇರಿ ನಿಜಕ್ಕೂ ಆಯಿತು ಅಂತ ನಂಬಬಹುದು.

ಅದೇ ಕೋಡ್ ಮತ್ತೆ ಬಂದರೆ ಹೊಸ ಫ್ರೀಜ್ ಫ್ರೇಮನ್ನು ಹಳೆಯದರ ಪಕ್ಕ ಇಟ್ಟು ನೋಡಿ. ಆರ್‌ಪಿಎಂ, ಬಿಸಿ, ಲೋಡ್ ಎಲ್ಲ ಹೊಂದಿದರೆ ಮೊದಲ ದೋಷ ಇನ್ನೂ ಹೋಗಿಲ್ಲ. ಮೊದಲು ತಣ್ಣಗಿನ ಐಡ್ಲಿಂಗಿನಲ್ಲಿ ಬರುತ್ತಿದ್ದದ್ದು ಈಗ ಹೆದ್ದಾರಿಯ ವೇಗದಲ್ಲಿ ಬರುತ್ತಿದ್ದರೆ ಇದು ಎರಡನೇ ದೋಷ ಇರಬಹುದು. ಆಗ ಟ್ರಿಮ್ ಅಳತೆಯಿಂದ ಮತ್ತೆ ಶುರು ಮಾಡಿ.