ನನ್ನ ಅಂಧಬಿಂದುವಿನ ನಕ್ಷೆ ಬರೆದದ್ದು

ಒಂದು ಕಣ್ಣು ಮುಚ್ಚಿ ಚುಕ್ಕೆ ಮಾಯ ಮಾಡುವ ಪ್ರಯೋಗವನ್ನು ಶಾಲೆಯಲ್ಲಿ ಬಹಳ ಜನ ಮಾಡಿರುತ್ತಾರೆ. ನನಗೆ ಬೇಕಿದ್ದುದು ಆ ಕಾಣದ ಜಾಗದ, ಅಂದರೆ ಅಂಧಬಿಂದುವಿನ, ಆಕಾರ.

ಕಣ್ಣಿನ ಎತ್ತರಕ್ಕೆ ಗೋಡೆಗೊಂದು ದೊಡ್ಡ ಬಿಳಿ ಹಾಳೆ ಅಂಟಿಸಿ, ಎಡಭಾಗದಲ್ಲಿ ಸಣ್ಣ ಪ್ಲಸ್ ಗುರುತು ಹಾಕಿದೆ. ಕಣ್ಣಿಗೂ ಹಾಳೆಗೂ 50 ಸೆಂ.ಮೀ. ಅಂತರ. ತಲೆ ಅಲುಗಿದರೆ ನಕ್ಷೆ ಕೆಡುತ್ತದೆ, ಅದಕ್ಕೇ ಗಲ್ಲವನ್ನು ಪುಸ್ತಕಗಳ ಮೇಲೆ ಊರಿಕೊಂಡೆ. ಪೆನ್ಸಿಲಿಗೆ ಬಿಳಿ ಕಾಗದ ಸುತ್ತಿ ತುದಿಯನ್ನಷ್ಟೇ ಕಪ್ಪಾಗಿ ಬಿಟ್ಟೆ. ಎಡಗಣ್ಣು ಮುಚ್ಚಿ, ಬಲಗಣ್ಣನ್ನು ಪ್ಲಸ್ ಮೇಲೆ ನೆಟ್ಟು, ತುದಿಯನ್ನು ನಿಧಾನಕ್ಕೆ ಬಲಕ್ಕೆ ಸರಿಸಿದೆ. 11 ಸೆಂ.ಮೀ. ದಾಟುತ್ತಲೇ ಅದು ಇಲ್ಲವಾಯಿತು! ಅಲ್ಲಿಂದ ಸುತ್ತಲೂ ಹೊರಕ್ಕೆ ಸರಿಸುತ್ತ, ತುದಿ ಮತ್ತೆ ಕಂಡಲ್ಲೆಲ್ಲ ಒಂದೊಂದು ಗುರುತು. ಕೈ ಏನೇ ಮಾಡಲಿ, ನೋಟ ಪ್ಲಸ್ ಬಿಡಬಾರದು. ಕಷ್ಟವೆಲ್ಲ ಅಲ್ಲೇ ಇರುವುದು. ಸೆಕೆಂಡಿಗೆ ಮೂರು ಸಲ ಜಿಗಿಯುವುದು ಕಣ್ಣಿನ ರೂಢಿ, ಚಲಿಸುವ ಪೆನ್ಸಿಲ್ ಕಡೆಗೆ ಓಡಲು ಹವಣಿಸುತ್ತಲೇ ಇರುತ್ತದೆ.

ಗುರುತುಗಳನ್ನು ಕೂಡಿಸಿದಾಗ ನೆಟ್ಟಗೆ ನಿಲ್ಲಿಸಿದ ಮೊಟ್ಟೆಯಂಥ ಆಕಾರ ಬಂತು. ಅಗಲ ಸುಮಾರು 5 ಸೆಂ.ಮೀ., ಎತ್ತರ ಅದಕ್ಕಿಂತ ಹೆಚ್ಚು, ನಡುಭಾಗ ಪ್ಲಸ್ ಮಟ್ಟಕ್ಕಿಂತ ತುಸು ಕೆಳಗೆ. ಕಣ್ಣಿನ ಹಿಂಬದಿಯಲ್ಲಿ ಬಿಂಬ ಬೀಳುವ ಪರದೆಯಾದ ರೆಟಿನಾದ ಹತ್ತು ಲಕ್ಷದಷ್ಟು ನರತಂತುಗಳು ಒಟ್ಟುಗೂಡಿ ಕಣ್ಣಿನಿಂದ ಹೊರಡುವ ಜಾಗ ಅದು, ಅಲ್ಲಿ ಬೆಳಕು ಹಿಡಿಯುವ ಕೋಶಗಳೇ ಇಲ್ಲ. ಆ ಜಾಗ ಇರುವುದು ಮೂಗಿನ ಕಡೆಗೆ. ರೆಟಿನಾ ಮೇಲೆ ಬಿಂಬ ತಿರುವುಮುರುವಾಗಿ ಬೀಳುವುದರಿಂದ ಕುರುಡು ಹೊರಬದಿಗೆ ಕಾಣಿಸಿಕೊಳ್ಳುತ್ತದೆ. 1660ರ ದಶಕದಲ್ಲಿ ಫ್ರಾನ್ಸಿನ ವಿಜ್ಞಾನಿ ಎದ್ಮೆ ಮಾರಿಯೊಟ್ ಮೊದಲು ನರದ ಜಾಗ ಗಮನಿಸಿ, ಅಲ್ಲಿ ಬಿಂಬ ಬಿದ್ದರೆ ಏನಾದೀತೆಂದು ಪರೀಕ್ಷಿಸಿಯೇ ಇದನ್ನು ಕಂಡುಕೊಂಡರು.

ನನ್ನನ್ನು ನಿಜಕ್ಕೂ ಹಿಡಿದು ನಿಲ್ಲಿಸಿದ್ದು ಮುಂದಿನ ಭಾಗ. ಆಕಾರದೊಳಗೆ ಖಾಲಿ ಬಿಟ್ಟು, ಮೇಲೊಂದು ಕೆಳಗೊಂದು ದಪ್ಪ ಲಂಬ ಗೆರೆ ಎಳೆದೆ. ಗೆರೆಗಳ ತುದಿ ಅಂಚಿನಿಂದ ತುಸು ಒಳಕ್ಕೆ ಬಂದಿರಬೇಕು, ಇಲ್ಲದಿದ್ದರೆ ಬಿರುಕು ಕಂಡುಬಿಡುತ್ತದೆ. ಮತ್ತೆ ಅದೇ ದೂರದಿಂದ ಪ್ಲಸ್ ನೋಡಿದೆ: ಮೇಲಿಂದ ಕೆಳಗಿನವರೆಗೆ ಒಂದೇ ಅಖಂಡ ಗೆರೆ! ಕೆಳಗಿನದನ್ನು ಬಿಳಿ ಕಾಗದದಿಂದ ಮುಚ್ಚಿದೆ. ಮೇಲಿನ ಗೆರೆ ಅಂಚಿಗೆ ಬಂದು ನಿಂತಿತು, ಮುಂದಕ್ಕೆ ಬೆಳೆಯಲಿಲ್ಲ. ಎರಡೂ ಬದಿಯ ಸಾಕ್ಷಿ ಸಿಕ್ಕರೆ ಮಾತ್ರ ಮೆದುಳು ಗೆರೆ ಜೋಡಿಸುತ್ತದೆ. ಇದು ನಮ್ಮ ಊಹೆಯ ಕೆಲಸವಲ್ಲ. ಮಂಗಗಳಲ್ಲಿ ನಡೆದ ಪ್ರಯೋಗಗಳಲ್ಲಿ, ತಲೆಯ ಹಿಂಭಾಗದಲ್ಲಿ ಕಣ್ಣಿನ ಸಂದೇಶ ಮೊದಲು ತಲುಪುವ ಮೆದುಳಿನ ಪದರದಲ್ಲೇ ಅಂಧಬಿಂದುವಿಗೆ ಸೇರಿದ ನರಕೋಶಗಳು ಇಂಥ ಗೆರೆಗೆ ಸ್ಪಂದಿಸಿದ್ದು ದಾಖಲಾಗಿದೆ.

ಎಡಗಣ್ಣಿಗೆ ಮಾಡುವವರು ಪ್ಲಸ್ ಗುರುತನ್ನು ಹಾಳೆಯ ಬಲಕ್ಕೆ ಹಾಕಿಕೊಳ್ಳಿ.